ಉಳಿದವರ ಲೆಕ್ಕ



ಇಂದಲ್ಲ ನಾಳೆ ಒಂದು ಶಾಲೆಯ, ಸಂಘದ, ಕಚೇರಿಯ ಅಥವಾ ಊರಿನ ಹೊಣೆಯನ್ನು ಹೊರಲಿರುವ ಕಿರಿಯರಿಗೆ ನಾಯಕತ್ವದ ನೀತಿಯನ್ನು ಕುರಿತು ಬರೆಯಲು ಹೊರಟ ಪತ್ರವು ಚರಿತ್ರೆಯ ರಾಜರನ್ನು ಬಿಟ್ಟು ಅಮೆರಿಕದ ದೂರದರ್ಶನ ಧಾರಾವಾಹಿಯೊಂದನ್ನು ಆಧಾರವಾಗಿ ಹಿಡಿಯುವುದಕ್ಕೆ ಕಾರಣವಿದೆ. ಅಧಿಕಾರದಲ್ಲಿರುವವರು ತಪ್ಪು ಮಾಡುವ ಹೊತ್ತಿನಲ್ಲಿ ಆಸರೆಗೆ ಹಿಡಿಯುವ ಮಾತು 'ಅನಿವಾರ್ಯ' ಎಂಬುದು. ಆ ಒಂದು ಮಾತಿನೊಳಗೆ ಎಷ್ಟು ಸತ್ಯವಿದೆ, ಎಷ್ಟು ನೆಪವಿದೆ ಎಂಬುದನ್ನು 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದಷ್ಟು ತಾಳ್ಮೆಯಿಂದ ಸೋಸಿ ನೋಡಿದ ದೃಶ್ಯಕೃತಿಗಳು ವಿರಳ. ವೈಜ್ಞಾನಿಕ ಕಾಲ್ಪನಿಕ ಕಥೆಯೆಂದರೆ ಯಂತ್ರಗಳ ಕಾಳಗವೆಂದು ಭಾವಿಸಿ ಅದನ್ನು ಬದಿಗಿಟ್ಟವರು ಈ ಕೃತಿಯ ಮಟ್ಟಿಗೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಗ್ಲೆನ್ ಲಾರ್ಸನ್ 1978ರಲ್ಲಿ ರೂಪಿಸಿದ್ದ ಅದೇ ಹೆಸರಿನ ಧಾರಾವಾಹಿಯನ್ನು ರೊನಾಲ್ಡ್ ಡಿ. ಮೂರ್ 2003ರ ಡಿಸೆಂಬರ್‌ನಲ್ಲಿ ಕಿರುಸರಣಿಯಾಗಿ ಹೊಸದಾಗಿ ಕಟ್ಟಿದರು. ಅಲ್ಲಿಂದ ಮುಂದೆ ಅದು ನಾಲ್ಕು ಸೀಸನ್‌ಗಳಾಗಿ ಬೆಳೆದು 2009ರ ಮಾರ್ಚ್‌ನಲ್ಲಿ ಮುಗಿಯಿತು. ಮನುಷ್ಯರು ತಮ್ಮ ಸೇವೆಗೆಂದು ಸೃಷ್ಟಿಸಿದ, ಮುಂದೆ ತಿರುಗಿಬಿದ್ದ ಯಂತ್ರಜೀವಿಗಳಿಗೆ ಕಥೆಯಲ್ಲಿ 'ಸೈಲಾನ್' ಎಂದು ಹೆಸರು. ಅವುಗಳ ಅಣುದಾಳಿಗೆ ಹನ್ನೆರಡು ಗ್ರಹಗಳ ನಾಗರಿಕತೆ ಒಂದೇ ದಿನದಲ್ಲಿ ಬೂದಿಯಾಗುತ್ತದೆ. ನಿವೃತ್ತಿಯ ಅಂಚಿನಲ್ಲಿದ್ದ ಗ್ಯಾಲಕ್ಟಿಕಾ ಎಂಬ ಹಳೆಯ ಯುದ್ಧನೌಕೆ ಮತ್ತು ಅದರ ಬೆನ್ನಿಗೆ ಬಿದ್ದ ಕೆಲವು ಡಜನ್ ನಾಗರಿಕ ಹಡಗುಗಳಲ್ಲಿ ಸುಮಾರು 50,000 ಜನ ಮಾತ್ರ ಉಳಿಯುತ್ತಾರೆ. ನೌಕೆಯ ಹೊಣೆ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಅಭಿನಯಿಸಿದ ವಿಲಿಯಂ ಅಡಾಮಾ ಎಂಬ ಸೇನಾನಿಯದು; ಜನರ ಹೊಣೆ ಮೇರಿ ಮ್ಯಾಕ್‌ಡಾನಲ್ ಅಭಿನಯಿಸಿದ ಲಾರಾ ರಾಸ್ಲಿನ್ ಎಂಬ ಶಿಕ್ಷಣ ಮಂತ್ರಿಯದು. ಅಧ್ಯಕ್ಷ ಪದವಿಯ ಉತ್ತರಾಧಿಕಾರಿಗಳ ಪಟ್ಟಿಯಲ್ಲಿ 43ನೆಯವಳಾಗಿದ್ದ ಈಕೆ, ಮೇಲಿನವರೆಲ್ಲ ಸತ್ತುಹೋದ ಕಾರಣಕ್ಕೆ, ತನಗೆ ಸ್ತನದ ಕ್ಯಾನ್ಸರ್ ಇದೆಯೆಂದು ತಿಳಿದ ದಿನವೇ ಅಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸುತ್ತಾಳೆ.

ಇಂಥ ಸ್ಥಿತಿಯನ್ನು ವಿವೇಚಿಸಲು ಭಾರತೀಯ ಪರಂಪರೆಯಲ್ಲಿ 'ಆಪದ್ಧರ್ಮ' ಎಂಬ ಪರಿಭಾಷೆಯಿದೆ. ಸಾಮಾನ್ಯ ಕಾಲದಲ್ಲಿ ನಿಷಿದ್ಧವಾದುದನ್ನು ಪ್ರಾಣಸಂಕಟದ ಕಾಲದಲ್ಲಿ ಮಾಡಬಹುದೆಂಬ ವಿನಾಯಿತಿಯೇ ಅದರ ಅರ್ಥ. ಆದರೆ ಆ ವಿನಾಯಿತಿಗೂ ಒಂದು ಮೇರೆಯಿದೆಯೆಂಬುದನ್ನು ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣನ ಪ್ರಸಂಗ ಸ್ಪಷ್ಟಪಡಿಸುತ್ತದೆ. ಬೆಳೆ ಹಾಳಾದ ಕುರುದೇಶದಲ್ಲಿ ಹಸಿವಿನಿಂದ ಕಂಗೆಟ್ಟ ಉಷಸ್ತಿ, ಒಬ್ಬಾತ ತಿನ್ನುತ್ತಿದ್ದ ಎಂಜಲು ಕಾಳನ್ನು ಬೇಡಿ ತಿನ್ನುತ್ತಾನೆ, ಆದರೆ ಅವನೇ ಕೊಡಲು ಬಂದ ಎಂಜಲು ನೀರನ್ನು ಬೇಡವೆನ್ನುತ್ತಾನೆ. ಕಾಳು ತಿನ್ನದಿದ್ದರೆ ಪ್ರಾಣ ಉಳಿಯುತ್ತಿರಲಿಲ್ಲ, ನೀರಾದರೋ ಬೇರೆಡೆ ಸಿಗುತ್ತದೆ ಎಂಬುದು ಅವನ ವಿವರಣೆ. ಆಪತ್ತು ಎಷ್ಟನ್ನು ಬೇಡುತ್ತದೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ ಎಂಬ ಈ ಅಳತೆಗೋಲು ಅಡಾಮಾ ಮತ್ತು ರಾಸ್ಲಿನ್ ತೆಗೆದುಕೊಳ್ಳುವ ನಿರ್ಧಾರಗಳನ್ನು ತೂಗುವಾಗ ಬಹಳ ಉಪಯುಕ್ತವಾದುದು.

ಅಧ್ಯಕ್ಷೆಯ ಹಡಗಿನಲ್ಲಿ ಒಂದು ಬಿಳಿ ಹಲಗೆಯಿದೆ. ಬದುಕಿರುವವರ ಒಟ್ಟು ಸಂಖ್ಯೆಯನ್ನು ರಾಸ್ಲಿನ್ ಅದರ ಮೇಲೆ ತನ್ನ ಕೈಯಿಂದಲೇ ಬರೆಯುತ್ತಾಳೆ, ಸಾವಿನ ಸುದ್ದಿ ಬಂದಾಗಲೆಲ್ಲ ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯುತ್ತಾಳೆ. ಹಲವು ಕಂತುಗಳ ಆರಂಭದ ಶೀರ್ಷಿಕೆಯಲ್ಲಿ ಪ್ರೇಕ್ಷಕರಿಗೂ ಅದೇ ಸಂಖ್ಯೆ ಕಾಣಿಸುತ್ತದೆ. ರಾಜ್ಯದ ಅಂಕಿ-ಅಂಶಗಳಲ್ಲಿ ಜನರು ಸಾಮಾನ್ಯವಾಗಿ ಕರಗಿಹೋಗುತ್ತಾರೆ. ಇಲ್ಲಿ ಅಂಕಿಯೇ ಜನರನ್ನು ಮರೆಯದಂತೆ ಕಾಯುತ್ತದೆ, ಏಕೆಂದರೆ ಪ್ರತಿಯೊಂದು ಆಜ್ಞೆಯೂ ಆ ಹಲಗೆಗೆ ಬಂದು ಮುಟ್ಟಲೇಬೇಕು. ನಾಯಕತ್ವದ ಮೊದಲ ಧರ್ಮ ಲೆಕ್ಕ ಇಡುವುದು, ಎರಡನೆಯದು ಲೆಕ್ಕ ಒಪ್ಪಿಸುವುದು. ಶಾಸ್ತ್ರೀಯ ಬರಹಗಳಲ್ಲಿ 'ಉತ್ತರದಾಯಿತ್ವ' ಎನಿಸಿಕೊಳ್ಳುವ ಮೌಲ್ಯ, ಅಂದರೆ ತಾನು ಮಾಡಿದ್ದಕ್ಕೆ ಇತರರ ಮುಂದೆ ನಿಂತು ಉತ್ತರ ಕೊಡುವ ಬಾಧ್ಯತೆ, ಈ ಎರಡೂ ಕೂಡಿದಾಗ ಮಾತ್ರ ಪೂರ್ಣವಾಗುತ್ತದೆ.

ಕಿರುಸರಣಿಯಲ್ಲಿಯೇ ರಾಸ್ಲಿನ್ ಮುಂದೆ ಮೊದಲ ಕಠಿಣ ಪರೀಕ್ಷೆ ಬರುತ್ತದೆ. ಬೆಳಕಿನ ವೇಗವನ್ನು ಮೀರಿ ನೆಗೆಯುವ ಯಂತ್ರವಿರುವ ಹಡಗುಗಳು ಪಾರಾಗಬಲ್ಲವು, ಇಲ್ಲದವು ಪಾರಾಗಲಾರವು. ಎಲ್ಲರನ್ನೂ ವರ್ಗಾಯಿಸಲು ಸಮಯವಿಲ್ಲ, ಕಾದರೆ ಎಲ್ಲರೂ ಸಾಯುತ್ತಾರೆ. ಕೆಲವೇ ಹೊತ್ತಿನ ಹಿಂದೆ ತಾನೇ ಮಾತನಾಡಿಸಿ ಬಂದ ಪುಟ್ಟ ಹುಡುಗಿಯೊಬ್ಬಳು ಹಿಂದೆ ಉಳಿಯುವ ಹಡಗಿನಲ್ಲಿದ್ದಾಳೆಂದು ತಿಳಿದೇ ಆಕೆ ಹೊರಡುವ ಆಜ್ಞೆ ಕೊಡುತ್ತಾಳೆ. ಮೊದಲ ಸೀಸನ್ನಿನ ಆರಂಭದ ಕಂತು '33' ಈ ಸಂಕಟವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಸೈಲಾನರು 33 ನಿಮಿಷಗಳಿಗೊಮ್ಮೆ ಎರಗುತ್ತಾರೆ, ಪ್ರತಿಸಲವೂ ಹಡಗುಗಳು ನೆಗೆದು ತಪ್ಪಿಸಿಕೊಳ್ಳುತ್ತವೆ, 130 ಗಂಟೆಗಳಿಗೂ ಹೆಚ್ಚು ಕಾಲ ಯಾರಿಗೂ ನಿದ್ರೆಯಿಲ್ಲ. 'ಒಲಿಂಪಿಕ್ ಕ್ಯಾರಿಯರ್' ಎಂಬ ಹಡಗು ಹಿಂದೆ ಉಳಿದುಹೋದ ಸಲ ಮಾತ್ರ ದಾಳಿ ಬರುವುದಿಲ್ಲ. ಅದು ಮರಳಿದೊಡನೆ ಶತ್ರುವೂ ಬೆನ್ನಟ್ಟಿ ಬರುತ್ತಾನೆ, ಹಡಗಿನೊಳಗೆ ಅಣ್ವಸ್ತ್ರವಿರುವ ಸೂಚನೆಯೂ ಸಿಗುತ್ತದೆ. ಆ ಹಡಗಿನ ಪ್ರಯಾಣಿಕರ ಸಂಖ್ಯೆ 1,345. ರಾಸ್ಲಿನ್ ಒಪ್ಪಿಗೆಯ ಮೇರೆಗೆ ಅಡಾಮಾನ ಮಗ ಲೀ ಮತ್ತು ಅವನ ಸಹೋದ್ಯೋಗಿ ಕಾರಾ ಥ್ರೇಸ್ ಅದನ್ನು ಹೊಡೆದುರುಳಿಸುತ್ತಾರೆ. ಹೊಡೆಯುವ ಹೊತ್ತಿನಲ್ಲಿ ಒಳಗೆ ಜನರಿದ್ದರೇ ಎಂಬುದನ್ನು ಕಥೆ ಖಚಿತವಾಗಿ ಹೇಳುವುದೇ ಇಲ್ಲ.

ಇಲ್ಲಿ ಧಾರಾವಾಹಿ ತೋರುವ ವಿವೇಕ ಗಮನಾರ್ಹವಾದುದು. ನಿರ್ಧಾರ ಸರಿಯಾಗಿತ್ತೆಂದು ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಮುಂದಿನ ಕಂತಿನಲ್ಲಿ ಮನಸ್ಸು ಕುದಿಯುತ್ತಿರುವ ಮಗನಿಗೆ ಅಡಾಮಾ ಕೊಡುವ ಬುದ್ಧಿಮಾತಿನ ಸಾರವೂ ಇಷ್ಟೇ: ಸರಿಯೋ ತಪ್ಪೋ, ಮಾಡಿದ್ದರ ಹೊಣೆಯನ್ನು ಹೊತ್ತು ಪ್ರತಿದಿನವೂ ಅದರ ಜೊತೆ ಬದುಕಬೇಕು. '33'ರ ಕೊನೆಯಲ್ಲಿ, ಇನ್ನೊಂದು ಹಡಗಿನಲ್ಲಿ ಗಂಡುಮಗುವೊಂದು ಹುಟ್ಟಿದ ಸುದ್ದಿಯನ್ನು ಸಹಾಯಕ ತಂದಾಗ ರಾಸ್ಲಿನ್ ಎದ್ದು ಹಲಗೆಯ ಅಂಕಿಯನ್ನು 47,973ಕ್ಕೆ ತಿದ್ದುತ್ತಾಳೆ. ಸಾವಿರಾರು ಜನರನ್ನು ಕಳೆದ ಅದೇ ಕೈ ಒಂದು ಶಿಶುವನ್ನು ಕೂಡಿಸುತ್ತದೆ. ಆ ಒಂದು ಕೂಡಿಕೆಯಿಂದ ಹಿಂದಿನ ಕಳೆಯುವಿಕೆ ಅಳಿಸಿಹೋಗುವುದಿಲ್ಲ. ಎರಡೂ ಒಂದೇ ಲೆಕ್ಕದಲ್ಲಿ ಉಳಿಯುತ್ತವೆ.

ಲೆಕ್ಕ ಒಪ್ಪಿಸಬೇಕಾದ ಅಗತ್ಯವೇ ಇಲ್ಲದ ನಾಯಕತ್ವ ಹೇಗಿರುತ್ತದೆ ಎಂಬುದಕ್ಕೆ ಎರಡನೆಯ ಸೀಸನ್ನಿನ ಅಡ್ಮಿರಲ್ ಹೆಲೆನಾ ಕೇನ್ ಉದಾಹರಣೆ. ಪೆಗಾಸಸ್ ಎಂಬ ಇನ್ನೊಂದು ಯುದ್ಧನೌಕೆಯ ಈ ಮುಖ್ಯಸ್ಥೆಗೂ ದಾರಿಯಲ್ಲಿ ನಾಗರಿಕ ಹಡಗುಗಳು ಸಿಕ್ಕಿರುತ್ತವೆ. ಆಕೆ ಅವುಗಳ ಯಂತ್ರಭಾಗಗಳನ್ನು ಬಿಚ್ಚಿಸಿಕೊಂಡು, ಯುದ್ಧಕ್ಕೆ ಉಪಯೋಗಕ್ಕೆ ಬರುವವರನ್ನು ಎಳೆದೊಯ್ದು, ಪ್ರತಿಭಟಿಸಿದವರ ಕುಟುಂಬಗಳ ಮೇಲೆ ಗುಂಡು ಹಾರಿಸಿ, ಉಳಿದವರನ್ನು ಶೂನ್ಯದಲ್ಲಿ ಬಿಟ್ಟು ಮುಂದೆ ಸಾಗುತ್ತಾಳೆ. ಆಜ್ಞೆಯನ್ನು ನಿರಾಕರಿಸಿದ ತನ್ನ ಉಪಾಧಿಕಾರಿಯನ್ನು ಸಿಬ್ಬಂದಿಯ ಎದುರೇ ಕೊಲ್ಲುತ್ತಾಳೆ. ರಾಸ್ಲಿನ್ ಸಹ ಹಡಗುಗಳನ್ನು ಬಿಟ್ಟು ಹೋದವಳೇ ಅಲ್ಲವೇ ಎಂಬ ಪ್ರಶ್ನೆ ಕಿರಿಯರಿಗೆ ಏಳುವುದು ಸಹಜ, ಏಳಬೇಕಾದುದೂ ಹೌದು. ಉಷಸ್ತಿಯ ಅಳತೆಗೋಲು ಉಪಯೋಗಕ್ಕೆ ಬರುವುದು ಇಲ್ಲಿಯೇ. ರಾಸ್ಲಿನ್ ಬಿಟ್ಟುಹೋದದ್ದು ಉಳಿಸಲಾಗದವರನ್ನು; ಕೇನ್ ಬಿಟ್ಟುಹೋದದ್ದು ಉಳಿಸಬಹುದಾಗಿದ್ದವರನ್ನು, ಅವರ ಉಳಿವಿನ ಸಾಧನವನ್ನೇ ಕಿತ್ತುಕೊಂಡು. ಮೊದಲನೆಯದು ಎಂಜಲು ಕಾಳು, ಎರಡನೆಯದು ಎಂಜಲು ನೀರು. ಅಷ್ಟಲ್ಲದೆ, ಪೆಗಾಸಸ್‌ನಲ್ಲಿ ಸೇನೆಯನ್ನು ಪ್ರಶ್ನಿಸುವ ನಾಗರಿಕ ಅಧಿಕಾರವೇ ಇರಲಿಲ್ಲ; ಜನರು ಲೆಕ್ಕಕ್ಕೇ ಇಲ್ಲದ ಕಡೆ 'ಅನಿವಾರ್ಯ'ದ ಮೇರೆಯನ್ನು ಗುರುತಿಸುವವರು ಯಾರೂ ಇರುವುದಿಲ್ಲ.

ಆದರೂ ಧಾರಾವಾಹಿ ಕೇನ್‌ಳನ್ನು ಕೇವಲ ರಾಕ್ಷಸಿಯನ್ನಾಗಿ ಚಿತ್ರಿಸುವುದಿಲ್ಲ, ಆಕೆಯನ್ನು ಎದುರಿಸುವವರನ್ನು ಶುದ್ಧಾತ್ಮರೆಂದು ಬಿಂಬಿಸುವುದೂ ಇಲ್ಲ. ಕೇನ್‌ಳನ್ನು ಕೊಲ್ಲಿಸಬೇಕೆಂದು ಅಡಾಮಾನಿಗೆ ಸಲಹೆ ಕೊಡುವವಳು ಹಿಂದೊಮ್ಮೆ ಶಾಲಾ ಶಿಕ್ಷಕಿಯೂ ಆಗಿದ್ದ ರಾಸ್ಲಿನ್. ಕೊಲ್ಲಲು ಸಿದ್ಧತೆ ಮಾಡಿಕೊಂಡ ಅಡಾಮಾ ಕೊನೆಯ ಗಳಿಗೆಯಲ್ಲಿ ಆಜ್ಞೆ ಕೊಡದೆ ಹಿಂಜರಿಯುತ್ತಾನೆ. ಕೇವಲ ಬದುಕಿ ಉಳಿದರೆ ಸಾಲದು, ಉಳಿಯುವ ಯೋಗ್ಯತೆಯೂ ಇರಬೇಕು ಎಂಬುದು ಆ ಹಿಂಜರಿಕೆಗೆ ಅವನು ಕೊಡುವ ಕಾರಣ. ಇಡೀ ಧಾರಾವಾಹಿಯ ನೈತಿಕ ಬುನಾದಿ ಈ ವಿಚಾರದಲ್ಲಿದೆ.

ಆ ಯೋಗ್ಯತೆಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಅದೇ ಸೀಸನ್ನಿನ ಕೊನೆಯ ಚುನಾವಣೆಯ ಪ್ರಸಂಗ ತೋರಿಸುತ್ತದೆ. ರಾಸ್ಲಿನ್ ಎದುರಾಳಿ ಗಯಸ್ ಬಾಲ್ಟಾರ್, ಆಗಷ್ಟೇ ಕಂಡ ಗ್ರಹವೊಂದರಲ್ಲಿ ನೆಲೆಸೋಣವೆಂದು ದಣಿದ ಜನರಿಗೆ ಆಸೆ ತೋರಿಸುತ್ತಾನೆ. ಅವನಿಗೆ ಸೈಲಾನರೊಡನೆ ನಂಟಿದೆಯೆಂದು ರಾಸ್ಲಿನ್ ಬಲವಾಗಿ ನಂಬಿದ್ದಾಳೆ, ಆದರೆ ಸ್ವಂತ ನೆನಪೊಂದನ್ನು ಬಿಟ್ಟರೆ ಬೇರೆ ಸಾಕ್ಷ್ಯವಿಲ್ಲ. ಆಕೆಯ ಕಡೆಯವರು ಮತಪತ್ರಗಳಲ್ಲಿ ಮೋಸ ಮಾಡುತ್ತಾರೆ, ಅದಕ್ಕೆ ಆಕೆಯ ಸಮ್ಮತಿಯೂ ಇರುತ್ತದೆ. ಮೋಸ ಬಯಲಾದಾಗ ಅಡಾಮಾ ಎದುರು ನಿಂತು ಕೇಳುತ್ತಾನೆ, ರಾಸ್ಲಿನ್ ಸೋಲನ್ನು ಒಪ್ಪಿಕೊಳ್ಳುತ್ತಾಳೆ, ಬಾಲ್ಟಾರ್ ಅಧ್ಯಕ್ಷನಾಗುತ್ತಾನೆ. ಒಂದು ವರ್ಷ ಕಳೆದ ಮೇಲೆ ಸೈಲಾನರು ಆ ಗ್ರಹವನ್ನು ವಶಪಡಿಸಿಕೊಂಡು ಜನರನ್ನು ಸೆರೆಯಲ್ಲಿಡುತ್ತಾರೆ, ಹಲವರು ಸಾಯುತ್ತಾರೆ. ಫಲವನ್ನು ಮಾತ್ರ ನೋಡಿದರೆ ಮೋಸವೇ ಲೇಸಾಗಿತ್ತು ಎನಿಸಬಹುದು. ಆದರೆ ಜನರಿಗೆ ತಿಳಿಯದಂತೆ ಜನರನ್ನು ಕಾಪಾಡುತ್ತೇನೆಂದು ಹೊರಡುವ ನಾಯಕಿ ಮುಂದಿನ ಸಲ ಯಾರಿಗೆ ಲೆಕ್ಕ ಒಪ್ಪಿಸುತ್ತಾಳೆ? ತನ್ನ ಭಯವನ್ನು ಮತದಾರರ ಮುಂದೆ ಇಟ್ಟು ಅವರು ತಪ್ಪು ತೀರ್ಮಾನಕ್ಕೆ ಬಂದರೂ ಅದನ್ನು ಗೌರವಿಸುವುದೊಂದು, ತೀರ್ಮಾನಿಸುವ ಹಕ್ಕನ್ನೇ ಕದಿಯುವುದು ಇನ್ನೊಂದು. ಸರಿಯಾದ ಕೆಲಸಕ್ಕೆ ಒಳ್ಳೆಯ ಫಲವೇ ಸಿಗುತ್ತದೆಂಬ ಸುಲಭದ ಭರವಸೆಯನ್ನು ಕೊಡದಿರುವುದೇ ಈ ಪ್ರಸಂಗದ ದೊಡ್ಡತನ.

ಆ ಗ್ರಹದಿಂದ ಪಾರಾಗಿ ಬಂದ ಮೇಲೆ, ಶತ್ರುವಿಗೆ ನೆರವಾದವರೆಂದು ಹೆಸರಿಸಿದವರನ್ನು ಗುಟ್ಟಾಗಿ ವಿಚಾರಿಸಿ ಕೊಲ್ಲುವ ಆರು ಜನರ ಮಂಡಳಿಯೊಂದು ಹುಟ್ಟಿಕೊಳ್ಳುತ್ತದೆ. ಮತ್ತೆ ಅಧಿಕಾರಕ್ಕೆ ಬಂದ ರಾಸ್ಲಿನ್ ಅದನ್ನು ನಿಲ್ಲಿಸಿ, ಎಲ್ಲರಿಗೂ ಕ್ಷಮೆ ಘೋಷಿಸಿ, ಸತ್ಯ ಮತ್ತು ಸಾಮರಸ್ಯದ ಆಯೋಗವೊಂದನ್ನು ರಚಿಸುವುದಾಗಿ ಹೇಳುತ್ತಾಳೆ. ವರ್ಣಭೇದ ನೀತಿ ಕೊನೆಗೊಂಡ ಬಳಿಕ ದಕ್ಷಿಣ ಆಫ್ರಿಕಾ ನೇಮಿಸಿದ ಇಂಥದೇ ಆಯೋಗವನ್ನು ಇದು ನೆನಪಿಗೆ ತರುತ್ತದೆ. ಹಾಗೆಂದು ರಾಸ್ಲಿನ್ ಎಂದೆಂದಿಗೂ ತಿದ್ದಿಕೊಂಡಳೆಂದಲ್ಲ. ಮೂರನೆಯ ಸೀಸನ್ನಿನಲ್ಲಿಯೇ ಮುಂದೆ ಸೈಲಾನ್ ಕುಲವನ್ನೇ ರೋಗಾಣುವಿನಿಂದ ಅಳಿಸಿಹಾಕುವ ಯೋಜನೆಗೆ ಆಕೆ ಒಪ್ಪಿಗೆ ಕೊಡುತ್ತಾಳೆ, ಕಾರ್ಲ್ ಅಗಾಥನ್ ಎಂಬ ಅಧಿಕಾರಿ ಆಜ್ಞೆ ಮೀರಿ ಅದನ್ನು ವಿಫಲಗೊಳಿಸುತ್ತಾನೆ. ನಾಯಕರಾಗದವರಿಗೂ ಒಂದು ಹೊಣೆಯಿದೆ, ಮೇಲಿನವರು ಮೇರೆ ಮೀರಿದಾಗ ಆಗುವುದಿಲ್ಲವೆನ್ನುವ ಹೊಣೆ.

ಈ ಪ್ರಶ್ನೆಗಳು ಕಲ್ಪನಾಲೋಕಕ್ಕೆ ಮಾತ್ರ ಸೇರಿದವಲ್ಲವೆಂದು ವಿಶ್ವಸಂಸ್ಥೆಯೂ ಮನಗಂಡಿತ್ತು. ಧಾರಾವಾಹಿ ಮುಗಿಯುವ ಮುನ್ನ, 2009ರ ಮಾರ್ಚ್ 17ರಂದು, ನ್ಯೂಯಾರ್ಕಿನ ತನ್ನ ಕೇಂದ್ರ ಕಚೇರಿಯಲ್ಲಿ ಅದು ಮೂರ್, ಓಲ್ಮೋಸ್, ಮ್ಯಾಕ್‌ಡಾನಲ್ ಮುಂತಾದವರನ್ನು ಕರೆಸಿ ಮಾನವ ಹಕ್ಕು, ಭಯೋತ್ಪಾದನೆ, ಸಾಮರಸ್ಯಗಳ ಕುರಿತು ಚರ್ಚೆ ನಡೆಸಿತು. ಇರಾಕ್ ಯುದ್ಧದ ದಿನಗಳಲ್ಲಿ ತಯಾರಾದ ಕೃತಿಯೊಂದು ಸೆರೆಯಾಳುಗಳ ಹಿಂಸೆಯನ್ನೂ ಪರದೇಶದ ವಶದಲ್ಲಿ ಬದುಕುವುದನ್ನೂ ತನ್ನ ಪ್ರೇಕ್ಷಕರ ಕಣ್ಣೆದುರು ಇಟ್ಟಿತೆಂಬುದೇ ಅದರ ಧೈರ್ಯಕ್ಕೆ ಸಾಕ್ಷಿ.

ಕಿರಿಯರಲ್ಲಿ ಹೆಚ್ಚಿನವರಿಗೆ ಐವತ್ತು ಸಾವಿರ ಪ್ರಾಣಗಳ ಹೊಣೆ ಬರಲಾರದು. ಆದರೆ ಯಾರನ್ನು ಕೆಲಸದಿಂದ ಬಿಡಿಸಬೇಕು, ಇರುವ ಹಣದಲ್ಲಿ ಯಾವ ವಾರ್ಡಿಗೆ ಮೊದಲು ನೀರು ಕೊಡಬೇಕು, ಯಾವ ಮಗುವಿನ ಅರ್ಜಿಯನ್ನು ಪಕ್ಕಕ್ಕಿಡಬೇಕು ಎಂದು ತೀರ್ಮಾನಿಸುವ ದಿನ ಬಂದೇ ಬರುತ್ತದೆ. ಅಂದು 'ಅನಿವಾರ್ಯ' ಎಂಬ ಮಾತು ನಾಲಿಗೆಯ ತುದಿಯಲ್ಲಿರುತ್ತದೆ. ಆ ಮಾತನ್ನು ಆಡುವ ಮುನ್ನ ಕೈಯಲ್ಲಿರುವುದು ಕಾಳೋ ನೀರೋ ಎಂದು ನೋಡಿಕೊಳ್ಳುವುದು, ಆಡಿದ ಮೇಲೆ ಅದರಿಂದ ನಷ್ಟವಾದವರ ಸಂಖ್ಯೆಯನ್ನು ತನ್ನ ಕೈಯಿಂದಲೇ ಬರೆದು, ಅವರೂ ಬಂದು ಓದಬಹುದಾದ ಕಡೆ ತೂಗುಹಾಕುವುದು ನಾಯಕರಾಗುವವರು ರೂಢಿಸಿಕೊಳ್ಳಬೇಕಾದ ಶಿಸ್ತು. ಆ ಹಲಗೆಯ ಎದುರು ಕೂತು ಕೆಲಸ ಮಾಡುವ ಎದೆಗಾರಿಕೆ ಕಿರಿಯರಿಗೆ ದೊರೆಯಲಿ.