ವಿಜ್ಞಾನದ ಸುದ್ದಿ ಮೇಲೆ ವಾದಕ್ಕಿಳಿದಾಗ: ಗೆಲ್ಲಲು ಹತ್ತು ಸೂತ್ರಗಳು

ಸಂಜೆಯ ಬೈಟು ಕಾಫಿ, ಆಫೀಸಿನ ಊಟದ ಮೇಜು, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪು, ಎಲ್ಲ ಕಡೆಯೂ ಈಗ ರಾಜಕೀಯ, ಕ್ರಿಕೆಟ್ಟಿನಷ್ಟೇ ಜೋರಾಗಿ ವಿಜ್ಞಾನದ ಮೇಲೂ ವಾದ ನಡೆಯುತ್ತದೆ. ಕ್ವಾಂಟಂ ಕಂಪ್ಯೂಟರ್ ಬಂತಂತೆ, ಇಂಥದ್ದು ತಿಂದರೆ ಕ್ಯಾನ್ಸರ್ ಅಂತೆ, ಚಂದ್ರನ ಮೇಲೆ ನೀರು ಸಿಕ್ಕಿತಂತೆ. ಇದು ಒಳ್ಳೆಯ ಬೆಳವಣಿಗೆ. ಪಿಎಚ್‌ಡಿ ಇಲ್ಲದವರು ಬಾಯಿ ತೆರೆಯಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಇಂಥ ವಾದದಲ್ಲಿ ಗೆದ್ದೆ ಎನ್ನಲು ಎದುರಿನವರು ಸುಮ್ಮನಾದರೆ ಸಾಲದು. ಆ ಸುದ್ದಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇಬ್ಬರಿಗೂ ಮೊದಲಿಗಿಂತ ಸ್ಪಷ್ಟವಾಗಿರಬೇಕು. ಅದಕ್ಕೆ ನೆರವಾಗುವ ಸೂತ್ರಗಳು ಇಲ್ಲಿವೆ.

1. ಸುದ್ದಿ ಯಾವ ಹಂತದಲ್ಲಿದೆ ಎಂದು ಮೊದಲು ಕೇಳಿ

2023ರ ಜುಲೈ 22ರಂದು ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತುವಿನ ಬಗ್ಗೆ ಪ್ರಬಂಧ ಹಾಕಿತು. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಈ ವಸ್ತು ಮಾಮೂಲಿ ಉಷ್ಣತೆಯಲ್ಲೇ, ಮಾಮೂಲಿ ಒತ್ತಡದಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಬಿಡುತ್ತದೆ ಎಂಬುದು ಅವರ ವಾದ. ಅಯಸ್ಕಾಂತದ ಮೇಲೆ ಕರಿಯ ಚೂರೊಂದು ಅರ್ಧ ಎದ್ದು ನಿಂತ ವಿಡಿಯೋ ಜಗತ್ತನ್ನೆಲ್ಲ ಸುತ್ತಿತು. ಕರೆಂಟು ಪೋಲಾಗದ ತಂತಿ, ಅಗ್ಗದ ಎಂಆರ್‌ಐ ಎಂದು ಕನಸುಗಳೂ ಹುಟ್ಟಿದವು.

ಆ ಪ್ರಬಂಧವನ್ನು ಆಗ ಬೇರೆ ತಜ್ಞರು ಪರಿಶೀಲಿಸಿರಲಿಲ್ಲ, ಬೇರೆ ಯಾರೂ ಆ ಪ್ರಯೋಗ ಮಾಡಿ ನೋಡಿರಲಿಲ್ಲ. ಮಾಡಿ ನೋಡಿದವರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಮುಂಚೂಣಿಯಲ್ಲಿದ್ದರು. ಅವರಿಗೆ ಸೂಪರ್‌ಕಂಡಕ್ಟರ್‌ನ ಯಾವ ಲಕ್ಷಣವೂ ಕಾಣಲಿಲ್ಲ. ಕೊರಿಯಾದವರ ಮಾದರಿಯಲ್ಲಿ ತಾಮ್ರದ ಸಲ್ಫೈಡ್ ಕಲಬೆರಕೆಯಾಗಿತ್ತು. 104 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅದರ ರಚನೆಯೇ ಬದಲಾಗುವುದರಿಂದ ರೋಧ ಧಡಕ್ಕನೆ ಇಳಿಯುತ್ತದೆ. ಚೂರು ಎದ್ದು ನಿಂತದ್ದಕ್ಕೆ ಸಾಧಾರಣ ಕಾಂತಗುಣವೇ ಸಾಕು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲಬೆರಕೆಯಿಲ್ಲದ ಶುದ್ಧ ಹರಳು ಬೆಳೆಸಿ ನೋಡಿದರು. ಅದು ವಿದ್ಯುತ್ತನ್ನು ಹರಿಯಲೇ ಬಿಡಲಿಲ್ಲ. ಆಗಸ್ಟ್ ಮುಗಿಯುವ ಮೊದಲೇ ಎಲ್ಲ ಇತ್ಯರ್ಥವಾಯಿತು.

ಆದ್ದರಿಂದ ಇಂಥ ಸುದ್ದಿ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ. ಪ್ರಬಂಧ ಪ್ರಕಟವಾಗಿದೆಯೇ? ಬೇರೆ ತಜ್ಞರು ನೋಡಿದ್ದಾರೆಯೇ? ಇನ್ನೊಂದು ಪ್ರಯೋಗಾಲಯದಲ್ಲಿ ಅದೇ ಫಲ ಸಿಕ್ಕಿದೆಯೇ? ಮೂರನೆಯದಕ್ಕೆ ಉತ್ತರ ಇಲ್ಲ ಎಂದಾದರೆ ಪರವಾಗಿಯೂ ವಿರೋಧವಾಗಿಯೂ ಆಣೆ ಪ್ರಮಾಣ ಬೇಡ.

2. ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರಿಸಿ

2016ರ ನವೆಂಬರ್‌ನಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು ಟಿವಿಯಲ್ಲೇ ಬಂತು. ಇದನ್ನು ಅಳೆಯಲು ವಿಜ್ಞಾನಿ ಆಗಬೇಕಿಲ್ಲ. ಜಿಪಿಎಸ್ ಸಾಧನ ಸಂಕೇತವನ್ನು ಪಡೆಯುತ್ತದೆ ಅಷ್ಟೆ, ಉಪಗ್ರಹಕ್ಕೆ ತಿರುಗಿ ಏನನ್ನೂ ಕಳಿಸುವುದಿಲ್ಲ. ತಾನಿರುವ ಜಾಗವನ್ನು ಬೇರೆಯವರಿಗೆ ತಿಳಿಸಬೇಕಾದರೆ ಅದಕ್ಕೆ ಬೇರೆ ಪ್ರಸಾರಕ ಬೇಕು, ಬ್ಯಾಟರಿ ಬೇಕು. ಆ ಉಪಗ್ರಹಗಳೋ ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ಎಷ್ಟು ಕ್ಷೀಣ ಎಂದರೆ ಕಟ್ಟಡದೊಳಗೆ ಹೋದರೆ ಫೋನಿನ ನಕ್ಷೆಯೇ ತಡವರಿಸುತ್ತದೆ.

"ಇದಕ್ಕೆ ಕರೆಂಟು ಎಲ್ಲಿಂದ ಬರುತ್ತೆ?" ಎಂಬ ಒಂದೇ ಪ್ರಶ್ನೆ ಸಾಕಿತ್ತು. ಈ ಬಗೆಯ ಪ್ರಶ್ನೆಯಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ, ಎಲ್ಲರೂ ಒಟ್ಟಿಗೆ ಯೋಚಿಸಲು ತೊಡಗುತ್ತಾರೆ.

3. ದೊಡ್ಡ ಅಂಕಿ ಕಂಡರೆ ಅದರ ಪಕ್ಕದ ಅಂಕಿಯನ್ನು ಹುಡುಕಿ

2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳನ್ನು ಜಲಜನಕದ ಪುಟ್ಟ ಗುಳಿಗೆಯೊಂದರ ಕಡೆಗೆ ಹಾಯಿಸಿದರು. ಹಾಯಿಸಿದ್ದು 2.05 ಮೆಗಾಜೌಲ್, ಪರಮಾಣು ಸಮ್ಮಿಲನದಿಂದ ಹೊರಬಂದದ್ದು 3.15 ಮೆಗಾಜೌಲ್. "ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಬಂತು" ಎಂದು ಪತ್ರಿಕೆಗಳು ಬರೆದವು. ಆ ಲೇಸರ್‌ಗಳನ್ನು ಉರಿಸಲು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೌಲ್.

ನಮ್ಮ ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ತಂದು ನೋಡಿ. ಒಂದು ಯೂನಿಟ್ ಎಂದರೆ 3.6 ಮೆಗಾಜೌಲ್. ಗೋಡೆಯಿಂದ ಎಳೆದದ್ದು 80 ಯೂನಿಟ್‌ಗೂ ಮೇಲೆ, ಸಿಕ್ಕಿದ್ದು ಒಂದು ಯೂನಿಟ್‌ಗೂ ಕಡಿಮೆ. ಹಾಗೆಂದು ಸುದ್ದಿ ಸುಳ್ಳಾಗಲಿಲ್ಲ. ಗುಳಿಗೆಯ ಕಡೆಗೆ ಹಾಯಿಸಿದ್ದಕ್ಕಿಂತ ಹೆಚ್ಚು ಶಕ್ತಿ ಸಮ್ಮಿಲನದಿಂದ ಬಂದದ್ದು ಅದೇ ಮೊದಲು. ದಶಕಗಳ ದುಡಿಮೆಯ ಫಲ ಅದು, ಮೆಚ್ಚಲೇಬೇಕು. ಆದರೆ ಮನೆಗೆ ಸಮ್ಮಿಲನದ ಕರೆಂಟು ಯಾವಾಗ ಎಂಬುದು ಬೇರೆಯೇ ಪ್ರಶ್ನೆ. ಇಬ್ಬರು ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತ ಜಗಳವಾಡುವುದು ಇಂಥ ವಾದಗಳಲ್ಲಿ ತೀರ ಸಾಮಾನ್ಯ. ಎರಡನ್ನೂ ಬಿಡಿಸಿಟ್ಟವರು ವಾದವನ್ನು ಮುನ್ನಡೆಸುತ್ತಾರೆ.

4. ಶೇಕಡಾ ಎಂದರೆ, ಯಾವುದರ ಶೇಕಡಾ?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದ್ದು: ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂನಂತೆ ತಿಂದರೆ ಕರುಳಿನ ಕ್ಯಾನ್ಸರಿನ ಸಂಭವ ಶೇ. 18ರಷ್ಟು ಹೆಚ್ಚುತ್ತದೆ. ನೂರರಲ್ಲಿ ಹದಿನೆಂಟು ಜನಕ್ಕೆ ಬರುತ್ತದೆ ಎಂದು ಓದಿಕೊಂಡವರು ಬಹಳ. ಒಂದು ಊರಿನಲ್ಲಿ ನೂರು ಮಂದಿಗೆ ಐವರಿಗೆ ಆ ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ಶೇ. 18 ಹೆಚ್ಚಾದರೆ ಐದು ಹೋಗಿ ಆರರ ಹತ್ತಿರ ಬರುತ್ತದೆ. ಕಡೆಗಣಿಸುವಂಥದ್ದಲ್ಲ, ಹದಿನೆಂಟಂತೂ ಅಲ್ಲ.

ಅದೇ ಸಂಸ್ಥೆಯ "2ಬಿ" ಪಟ್ಟಿಯೂ ಆಗಾಗ ಗಲಾಟೆ ಎಬ್ಬಿಸುತ್ತದೆ. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ, ಎಂಬ ಗುಂಪು ಅದು. ಮೊಬೈಲ್ ಫೋನಿನ ರೇಡಿಯೋ ತರಂಗ 2011ರಲ್ಲಿ, ಡಯಟ್ ಪಾನೀಯಗಳಿಗೆ ಹಾಕುವ ಆಸ್ಪರ್ಟೇಮ್ 2023ರಲ್ಲಿ ಅಲ್ಲಿಗೆ ಸೇರಿದವು. ಲೋಳೆಸರದ ಇಡೀ ಎಲೆಯ ಸಾರವೂ ಅಲ್ಲೇ ಇದೆ. ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಆ ಪಟ್ಟಿ ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಆಸ್ಪರ್ಟೇಮ್ ಪಟ್ಟಿ ಸೇರಿದ ಹೊತ್ತಿಗೇ ಇನ್ನೊಂದು ತಜ್ಞ ಸಮಿತಿ ದಿನದ ಮಿತಿಯನ್ನು ಮೊದಲಿದ್ದ ಹಾಗೆಯೇ ಉಳಿಸಿತು: ದೇಹತೂಕದ ಒಂದು ಕಿಲೋಗೆ 40 ಮಿಲಿಗ್ರಾಂ.

5. ಪ್ರತಿಸ್ಪರ್ಧಿ ಏನೆಂದರು?

2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್‌ಗಳ ಸಿಕಮೋರ್ ಎಂಬ ಕ್ವಾಂಟಂ ಯಂತ್ರ 200 ಸೆಕೆಂಡಿನಲ್ಲಿ ಮಾಡಿದ್ದನ್ನು ಸೂಪರ್ ಕಂಪ್ಯೂಟರ್ ಮಾಡಲು 10,000 ವರ್ಷ ಬೇಕು ಎಂದಿತು. ಎರಡೂವರೆ ದಿನ ಸಾಕು ಎಂದು ಐಬಿಎಂ ಲೆಕ್ಕ ತೋರಿಸಿತು. ಮುಂದೆ ಚೀನಾದ ಸಂಶೋಧಕರು ಮಾಮೂಲಿ ಜಿಪಿಯುಗಳಿಂದಲೇ ಆ ಕೆಲಸವನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿದರು. ಮಾಡಿದ ಲೆಕ್ಕವಾದರೂ ಏನು? ಕ್ವಾಂಟಂ ಯಂತ್ರದ ಬಲ ತೋರಿಸಲೆಂದೇ ಆರಿಸಿಕೊಂಡ ಪರೀಕ್ಷೆ ಅದು, ಬ್ಯಾಂಕಿನ ಪಾಸ್‌ವರ್ಡ್ ಒಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಂಪನಿಯ ಪ್ರಕಟಣೆ ಓದಿದ ದಿನವೇ ಅದರ ಪ್ರತಿಸ್ಪರ್ಧಿಯ ಮಾತನ್ನೂ ಓದಿ.

6. ಚಿತ್ರಕ್ಕೂ ಹುಟ್ಟಿದ ದಿನವಿದೆ

ದೀಪಾವಳಿ ರಾತ್ರಿಯ ಭಾರತ ಎಂದು ಪ್ರತಿವರ್ಷ ಓಡಾಡುವ ಬಣ್ಣಬಣ್ಣದ ಉಪಗ್ರಹ ಚಿತ್ರ 2003ರದು. ಹಲವು ವರ್ಷಗಳ ರಾತ್ರಿಬೆಳಕನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸಿ, ಊರುಗಳು ಹೇಗೆ ಬೆಳೆದವು ಎಂದು ತಿಳಿಸಲು ಅಮೆರಿಕದ ವಿಜ್ಞಾನಿಗಳು ಮಾಡಿದ್ದು. 2012ರಲ್ಲಿ ನಾಸಾ ದೀಪಾವಳಿಯ ನಿಜವಾದ ಚಿತ್ರವನ್ನೇ ಬಿಡುಗಡೆ ಮಾಡಿತು. ಹಣತೆಗಳ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗೊತ್ತಾಗುವುದೇ ಕಷ್ಟ.

7. ಹಳೆಯ ಪುರಾವೆಯನ್ನು ಹೊಸ ಸುದ್ದಿಯ ಎದುರು ನಿಲ್ಲಿಸಿ

ನನಗೆ ಅತ್ಯಂತ ಇಷ್ಟವಾದ ಸೂತ್ರ ಇದು. 2011ರ ಸೆಪ್ಟೆಂಬರ್‌ನಲ್ಲಿ ಒಪೇರಾ ಪ್ರಯೋಗದವರು ಜಿನೀವಾ ಬಳಿಯ ಸರ್ನ್‌ನಿಂದ ಹೊರಟ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೋವನ್ನು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲು ಮುಟ್ಟಿದವು ಎಂದರು. ಐನ್‌ಸ್ಟೈನ್ ಸೋತರು ಎಂದು ಊರೆಲ್ಲ ಮಾತಾಡಿತು. ಆದರೆ 1987ರ ಫೆಬ್ರುವರಿಯಲ್ಲಿ ಸುಮಾರು 1,68,000 ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದು ಸಿಡಿದದ್ದು ಕಂಡಿತ್ತು. ಅದರ ನ್ಯೂಟ್ರಿನೋಗಳು ಬೆಳಕಿಗಿಂತ ಕೆಲವೇ ಗಂಟೆ ಮೊದಲು ಬಂದಿದ್ದವು. ಅದೂ ಕೂಡ ಸಿಡಿದ ನಕ್ಷತ್ರದ ಒಡಲಿನಿಂದ ಬೆಳಕು ಹೊರಬೀಳಲು ತಡವಾಗುವುದರಿಂದ. ಒಪೇರಾದ ವೇಗ ನಿಜವಾಗಿದ್ದರೆ ಅವು ನಾಲ್ಕು ವರ್ಷ ಮೊದಲೇ ಬಂದಿರಬೇಕಿತ್ತು. ಕಾಗದದ ಮೇಲೆ ಎರಡು ಸಾಲಿನ ಗುಣಾಕಾರ ಇದು, ಹೈಸ್ಕೂಲ್ ಮಕ್ಕಳೂ ಮಾಡಬಲ್ಲರು.

2012ರ ಫೆಬ್ರುವರಿಯಲ್ಲಿ ಕಾರಣ ತಿಳಿಯಿತು. ಸಮಯ ಅಳೆಯುವ ವ್ಯವಸ್ಥೆಯ ಆಪ್ಟಿಕಲ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ. ಆ ತಂಡವನ್ನು ಹೀಯಾಳಿಸಿದವರ ಜೊತೆ ನಾನು ನಿಲ್ಲಲಾರೆ. ತಮ್ಮ ಅಂಕಿ ತಮಗೇ ಅರ್ಥವಾಗುತ್ತಿಲ್ಲ, ನೀವೂ ಪರೀಕ್ಷಿಸಿ ಎಂದು ಅವರೇ ಜಗತ್ತಿನ ಮುಂದೆ ಇಟ್ಟಿದ್ದರು. ಅಂದಹಾಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು ಮೊದಲು ಪತ್ತೆಯಾದ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ನ್ಯೂಟ್ರಿನೋ ಮಾತು ಬಂದಾಗ ಕನ್ನಡಿಗರು ಇದನ್ನು ಹೆಮ್ಮೆಯಿಂದ ಹೇಳಬಹುದು.

8. ನಮ್ಮವರ ಸುದ್ದಿಗೂ ಅದೇ ತಕ್ಕಡಿ ಹಿಡಿಯಿರಿ

2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಒಂದು ಪ್ರಬಂಧ ಬಂತು: ಚಿನ್ನ-ಬೆಳ್ಳಿಯ ನ್ಯಾನೋಕಣಗಳು ಮೈನಸ್ 37 ಡಿಗ್ರಿಯಲ್ಲಿ ಸೂಪರ್‌ಕಂಡಕ್ಟರ್ ಆಗುತ್ತವೆ ಎಂದು. ಗ್ರಾಫಿನ ಎರಡು ಬೇರೆ ಅಳತೆಗಳ ಗೆರೆಗಳಲ್ಲಿ, ಹೊಂದಿಕೆಯಾಗಬಾರದ ಸಣ್ಣ ಏರಿಳಿತಗಳೂ ಒಂದೇ ಥರ ಇರುವುದನ್ನು ಅಮೆರಿಕದ ಭೌತವಿಜ್ಞಾನಿಯೊಬ್ಬರು ಎತ್ತಿ ತೋರಿಸಿದರು. ಮರುವರ್ಷ ತಂಡವು ಹೆಚ್ಚಿನ ಅಳತೆಗಳೊಂದಿಗೆ ತಿದ್ದಿದ ಪ್ರಬಂಧ ಹಾಕಿತು. ನಮ್ಮೂರಿನವರು ಎಂಬ ಕಾರಣಕ್ಕೆ ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎನ್ನುವುದೂ ತಪ್ಪು, ನಮ್ಮವರಿಂದ ಏನಾದೀತು ಎನ್ನುವುದೂ ತಪ್ಪು. ಕೊರಿಯಾದ ಎಲ್‌ಕೆ-99ಕ್ಕೆ ಕೇಳಿದ ಮೂರು ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಿ.

ಚಂದ್ರನ ನೀರು ಕಂಡುಹಿಡಿದವರು ಯಾರು, ಇಸ್ರೋನೋ ನಾಸಾವೋ ಎಂಬ ಜಗಳವೂ ಇಂಥದ್ದೇ. 2009ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆ ಶೋಧದ ಹಿಂದಿದ್ದ ಉಪಕರಣ ನಾಸಾದ್ದು, ಅದನ್ನು ಹೊತ್ತು ಚಂದ್ರನನ್ನು ಸುತ್ತಿದ್ದು ಇಸ್ರೋದ ಚಂದ್ರಯಾನ-1. ಇಬ್ಬರಿಗೂ ಪಾಲಿದೆ.

9. ಹಿರಿಯರನ್ನು ಗುಂಪಿನ ಮುಂದೆ ಸೋಲಿಸಬೇಡಿ

"ದೊಡ್ಡಪ್ಪ, ಇದು ಸುಳ್ಳು" ಎಂದು ನಲವತ್ತು ಜನರ ಮುಂದೆ ಬರೆದರೆ ಅವರು ನಾಳೆ ಇನ್ನೂ ಎರಡು ಕಳಿಸುತ್ತಾರೆ. "ಇದು ಎಲ್ಲಿ ಬಂದಿದ್ದು ದೊಡ್ಡಪ್ಪ? ನಾನೂ ಪೂರ್ತಿ ಓದಬೇಕು" ಎಂದು ಬೇರೆಯಾಗಿ ಕೇಳಿ. ಮೂಲ ಹುಡುಕುವ ಕೆಲಸ ಅವರ ಕೈಗೆ ಹೋಗುತ್ತದೆ. ಸಿಗದಿದ್ದರೆ ಅವರಿಗೇ ಅನುಮಾನ ಬರುತ್ತದೆ. ಅಪಾಯದ ಮನೆಮದ್ದಿನ ವಿಷಯದಲ್ಲಿ ಮಾತ್ರ ಕಾಯಬೇಡಿ, ಎಲ್ಲರ ಎದುರೇ ತಕ್ಷಣ ತಡೆಯಿರಿ.

10. ಏನು ಸಿಕ್ಕರೆ ಒಪ್ಪುತ್ತೀರಿ ಎಂದು ಬರೆದಿಟ್ಟು ಮಾತು ಮುಗಿಸಿ

ಸಮ್ಮಿಲನದ ಕರೆಂಟು ಹತ್ತು ವರ್ಷದಲ್ಲಿ ಬರುತ್ತದೆ ಎಂದು ಒಬ್ಬರು, ಬರುವುದೇ ಇಲ್ಲ ಎಂದು ಇನ್ನೊಬ್ಬರು ಎಂದುಕೊಳ್ಳಿ. ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಐಟರ್ ಸಮ್ಮಿಲನ ಯೋಜನೆ ತನ್ನ ನಿಜವಾದ ಇಂಧನ ಬಳಸುವ ಪ್ರಯೋಗವನ್ನು 2035ರಿಂದ 2039ಕ್ಕೆ ಮುಂದೂಡುವುದಾಗಿ 2024ರಲ್ಲಿ ಹೇಳಿದೆ. ಇಂಥ ಗಟ್ಟಿ ತಾರೀಖನ್ನು ಮುಂದಿಟ್ಟುಕೊಂಡರೆ ವಾದಕ್ಕೆ ನೆಲ ಸಿಗುತ್ತದೆ. ಏನು ನಡೆದರೆ ನನ್ನ ಅಭಿಪ್ರಾಯ ಬದಲಾಗುತ್ತದೆ ಎಂದು ಇಬ್ಬರೂ ಒಂದೊಂದು ಸಾಲು ಬರೆಯಿರಿ.

ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರದ ಉಪನ್ಯಾಸಗಳಿಂದ ಸಾಮಾನ್ಯ ಜನರಿಗೆ ವಿಜ್ಞಾನಿಗಳ ಮಾತು ಕೇಳುವ, ಅವರನ್ನು ಪ್ರಶ್ನಿಸುವ ರೂಢಿ ಹಾಕಿಕೊಟ್ಟಿತು. ಆ ರೂಢಿಯನ್ನು ನಮ್ಮ ಮನೆಯ ಗುಂಪುಗಳಿಗೂ ತರೋಣ. ಕಳೆದ ವರ್ಷ ನಿಮ್ಮಲ್ಲಿ ಬಿಸಿಬಿಸಿ ಚರ್ಚೆಯಾಗಿದ್ದ ಒಂದು ವಿಜ್ಞಾನದ ಸುದ್ದಿಯನ್ನು ಇವತ್ತೇ ಎತ್ತಿಕೊಳ್ಳಿ. ಅದು ಮುಂದೆ ಏನಾಯಿತು ಎಂದು ಹುಡುಕಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಎಲ್ಲರಿಗೂ ಕಳಿಸಿ.