ಪೊರೆ ದಾಟುವ ರೇಡಾನ್‌ನ ಅಳತೆ

ರೇಡಿಯಮ್ ಇರುವ ಮಣ್ಣು, ಕಲ್ಲು, ಸಿಮೆಂಟುಗಳಿಂದ ಹೊರಬರುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅರ್ಧಾಯುಷ್ಯ 3.82 ದಿನ. ಅಷ್ಟು ಹೊತ್ತಿನಲ್ಲಿ ಅದು ಪ್ಲಾಸ್ಟಿಕ್ ಮತ್ತು ರಬ್ಬರ್ ಹಾಳೆಗಳನ್ನೂ ದಾಟಬಲ್ಲದು. ಮಳೆಗಾಲಕ್ಕೆ ಮುಂಚೆ ಮುಂಬಯಿಯ ಆಂಟಾಪ್ ಹಿಲ್‌ನ ತಗಡಿನ ಮಾಡುಗಳಿಗೆ ಹೊದಿಸುವ ನೀಲಿ ಪ್ಲಾಸ್ಟಿಕ್ ನೀರನ್ನು ತಡೆದರೂ ರೇಡಾನನ್ನು ಪೂರ್ತಿ ತಡೆಯದು.

ಯಾವ ಹಾಳೆ ಎಷ್ಟು ಬಿಡುತ್ತದೆ ಎಂದು ತಿಳಿಯಲು ಅದನ್ನು ಎರಡು ಬಿಗಿ ಡಬ್ಬಿಗಳ ನಡುವೆ ಕೂರಿಸುತ್ತಾರೆ. ಒಂದರಲ್ಲಿ ರೇಡಿಯಮ್ ಮೂಲದಿಂದ ಬಂದ ರೇಡಾನ್ ತುಂಬಿರುತ್ತದೆ. ಇನ್ನೊಂದರಲ್ಲಿ ಅದು ಏರುವ ವೇಗವನ್ನು ದಾಖಲಿಸುತ್ತಾರೆ. ಎರಡೂ ಬದಿಯ ಸಾಂದ್ರತೆ, ಡಬ್ಬಿಯ ಗಾತ್ರ, ಹಾಳೆಯ ದಪ್ಪ ಮತ್ತು ವಿಸ್ತೀರ್ಣ ಗೊತ್ತಿದ್ದರೆ ಅನಿಲ ಹಾಳೆಯೊಳಗೆ ಎಷ್ಟು ಬೇಗ ಹರಡುತ್ತದೆ ಎಂದು ಹೇಳುವ ವಿಸರಣ ಗುಣಾಂಕ ಸಿಗುತ್ತದೆ. ಸಾಧಾರಣ ಪಾಲಿಥಿನ್‌ಗೆ ಅದು ಸೆಕೆಂಡಿಗೆ 10⁻¹¹ ಚದರ ಮೀಟರಿನ ಆಸುಪಾಸು. ಕ್ಷಯಿಸುವ ಮೊದಲು ರೇಡಾನ್ ಅದರೊಳಗೆ ಸಾಗುವ ಸರಾಸರಿ ದೂರ ಸುಮಾರು 2 ಮಿಲಿಮೀಟರ್.

ಈ ಕೆಲಸದಲ್ಲಿ ನನಗೆ ಖಾತ್ರಿಯಾದದ್ದು, ಹಾಳೆಗಿಂತ ಅದರ ಅಂಚಿನ ಮೇಲೆ ಹೆಚ್ಚು ಕಣ್ಣಿಡಬೇಕು ಎಂಬುದು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಅಲ್ಲಿ ನುಸುಳಿದ ರೇಡಾನ್ ಹಾಳೆಯ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಗ್ರಾಫ್‌ನಲ್ಲೇ ಹಿಡಿಯಬಹುದು. ಒಳಗಿಂದ ಸಾಗುವ ಅನಿಲ ಮೊದಲು ಹಾಳೆಯನ್ನೇ ತುಂಬಬೇಕು. ಹಾಗಾಗಿ ಆಚೆ ಬದಿಯ ಗೆರೆ ಕೆಲಹೊತ್ತು ಮಲಗಿದ್ದು ಆಮೇಲೆ ಏಳುತ್ತದೆ. 1 ಮಿಲಿಮೀಟರ್ ದಪ್ಪದ ಪಾಲಿಥಿನ್‌ನಲ್ಲಿ ಈ ತಡ ನಾಲ್ಕೈದು ಗಂಟೆ. ಸೋರಿಕೆಯಿದ್ದರೆ ಗೆರೆ ಮೊದಲ ಗಳಿಗೆಯಿಂದಲೇ ಏರುತ್ತದೆ. ತೆಳು ಹಾಳೆಯನ್ನು ಜೋಡಿ ಪದರ ಮಾಡಿದರೆ ವಿಸರಣೆ ಸುಮಾರು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಂಚನ್ನು ಬಿಚ್ಚಿ ಮತ್ತೆ ಬಿಗಿಯುವುದೇ ಸರಿ. ಸಿಲಿಕೋನ್ ಕೊಳವೆಯನ್ನಂತೂ ಬಳಸಲೇಬಾರದು, ಅದರ ಗೋಡೆಯಿಂದಲೇ ರೇಡಾನ್ ಹೊರಹೋಗುತ್ತದೆ. ಪಂಪಿನಿಂದ ಎರಡು ಡಬ್ಬಿಗಳ ಒತ್ತಡ ಬೇರೆಯಾದರೆ ಅಳೆದದ್ದು ವಿಸರಣೆಯೇ ಅಲ್ಲ. ಸ್ಥಿರವಿದ್ಯುತ್ತಿನಿಂದ ಕಣಗಳನ್ನು ಸೆಳೆಯುವ ಮಾಪಕಗಳು ತೇವದಲ್ಲಿ ಕಡಿಮೆ ತೋರಿಸುತ್ತವೆ. ಮುಂಬಯಿಯ ಜುಲೈನಲ್ಲಿ ಗಾಳಿ ಒಣಗಿಸುವ ಕೊಳವೆ ಇಲ್ಲದೆ ಅಳತೆಗೆ ಕೈಹಾಕಬಾರದು.

ರೇಡಾನನ್ನು ತಡೆಯುವ ಹಾಳೆ ಹುಡುಕುವುದು ಒಂದು ಕೆಲಸವಾದರೆ, ಬೇಕೆಂದೇ ಬಿಡುವ ಪೊರೆ ಆರಿಸುವುದು ಇನ್ನೊಂದು. ಆಂಟಾಪ್ ಹಿಲ್‌ಗೆ ದೂರವಲ್ಲದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ಈ ಎರಡನೆಯದನ್ನು ಚೆನ್ನಾಗಿ ಬಳಸಿಕೊಂಡಿತು. ಅಲ್ಲಿಯ ಮಯ್ಯ, ಈಪ್ಪನ್, ನಂಬಿ 1998ರಲ್ಲಿ ಜೋಡಿ ಬಟ್ಟಲಿನ ಡೋಸಿಮೀಟರಿನ ವಿಧಾನ ಪ್ರಕಟಿಸಿದರು. ಒಂದು ಬಟ್ಟಲಿನ ಬಾಯಿಗೆ ಫಿಲ್ಟರ್ ಕಾಗದ, ಇನ್ನೊಂದಕ್ಕೆ ಪೊರೆ. ರೇಡಾನ್‌ನ ಸೋದರ ಅನಿಲ ಥೋರಾನ್ 56 ಸೆಕೆಂಡಿನಲ್ಲಿ ಅರ್ಧವಾಗುವುದರಿಂದ ಪೊರೆ ದಾಟುವಷ್ಟರಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ. ಅಲ್ಲಿ ರೇಡಾನ್ ಮಾತ್ರ ಒಳಗೆ ಸೇರುತ್ತದೆ, ಕಾಗದದ ಬಟ್ಟಲಿಗೆ ಎರಡೂ. ಎರಡೂ ಬಟ್ಟಲಿನ ಎಲ್‌ಆರ್-115 ಫಿಲ್ಮಿನ ಮೇಲೆ ಆಲ್ಫಾ ಕಣಗಳು ಬಿಟ್ಟ ಗುರುತುಗಳ ವ್ಯತ್ಯಾಸದಿಂದ ಥೋರಾನ್ ಲೆಕ್ಕ ಸಿಗುತ್ತದೆ. ಉಳ್ಳಾಲದಂಥ ಥೋರಾನಿಗೆ ಮೂಲವಾದ ಥೋರಿಯಮ್ ಇರುವ ಮರಳಿನ ಕರಾವಳಿಗೆ ಈ ಬೇರ್ಪಡಿಕೆ ಅಗತ್ಯ. ಇಂಥ ಉಪಕರಣಗಳನ್ನು ಪರೀಕ್ಷಿಸಿ ಹೊಂದಿಸಲು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮನುಷ್ಯರು ಒಳಹೊಕ್ಕು ಕೆಲಸ ಮಾಡುವಷ್ಟು ದೊಡ್ಡ ರೇಡಾನ್ ಕೊಠಡಿಯೇ ಇದೆ.