ಗೀಸರಿಗೆ ಗಂಟೆ ಕಟ್ಟುವವರು ಯಾರು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಹೊಸದಾಗಿ ಸಂಸಾರ ಹೂಡಿ, ಬೆಳಗಾಗೆದ್ದು ಬೆಂಗಳೂರಿನ ರೈಲೋ ಬಸ್ಸೋ ಹಿಡಿಯುವ ಹುಡುಗ ಹುಡುಗಿಯರೇ, ನಿಮಗೊಂದು ಮಾತು ಹೇಳಬೇಕಿದೆ. ವೈರಿಂಗ್ ಕೆಲಸದಲ್ಲೇ ತಲೆ ನರೆತವನು ನಾನು. ದೊಡ್ಡ ವೇದಾಂತ ಗೊತ್ತಿಲ್ಲ. ನಿಮ್ಮ ಬಚ್ಚಲುಮನೆ ಗೋಡೆಯ ಮೇಲೆ ಕೂತಿರುವ ಗೀಸರಿನ ವಿಷಯ ಗೊತ್ತು.

ಐದಕ್ಕೆ ಎದ್ದು ಸ್ವಿಚ್ ಹಾಕುತ್ತೀರಿ. ಒಬ್ಬರಾದ ಮೇಲೆ ಒಬ್ಬರ ಸ್ನಾನ. ಅಷ್ಟರಲ್ಲಿ ಟಿಫಿನ್ ಡಬ್ಬಿ, ಮಗುವಿನ ಬ್ಯಾಗು, ಗಾಡಿ ಬೀಗದ ಕೈ ಹುಡುಕಾಟ. ಸ್ವಿಚ್ ಆರಿಸುವವರು ಯಾರು? ಅವರು ಆರಿಸಿರುತ್ತಾರೆ ಅಂತ ಇವರು, ಇವರು ಆರಿಸಿರುತ್ತಾರೆ ಅಂತ ಅವರು. ಸಂಜೆ ಬಂದು ಬೀಗ ತೆಗೆದರೆ ಸ್ವಿಚ್ಚಿನ ಕೆಂಪು ದೀಪ ಹಾಗೇ ಉರಿಯುತ್ತಿರುತ್ತದೆ. ಆಮೇಲೆ ಇಬ್ಬರಿಗೂ ಒಂದು ಜಗಳ. ಆ ಸ್ವಿಚ್ಚನ್ನು ಹೊತ್ತಿಗೆ ಸರಿಯಾಗಿ ತಾನೇ ಹಾಕಿ ಆರಿಸುವ ಟೈಮರ್ ಹಾಕಿಸಿ ಅನ್ನುವುದೇ ನನ್ನ ಮಾತು.

ಲೆಕ್ಕಕ್ಕೆ ಬನ್ನಿ. ಧನುರ್ಮಾಸದ ಚಳಿಯಲ್ಲಿ ಟ್ಯಾಂಕಿನ ನೀರು 18 ಡಿಗ್ರಿ ಇದೆ ಅಂದುಕೊಳ್ಳೋಣ. 25 ಲೀಟರಿನ ಗೀಸರು ಅದನ್ನು 55 ಡಿಗ್ರಿಗೆ ಏರಿಸಲು ಒಂದು ಯೂನಿಟ್‌ಗಿಂತ ತುಸು ಹೆಚ್ಚು ತಿನ್ನುತ್ತದೆ. 2 ಕಿಲೋವ್ಯಾಟಿನ ಕಾಯಿಲ್ ಆದರೆ ಅರ್ಧ ಗಂಟೆ, ಮೇಲೆ ಎರಡು ನಿಮಿಷ. ಈ ಖರ್ಚನ್ನು ಯಾವ ಟೈಮರೂ ಇಳಿಸುವುದಿಲ್ಲ. ಇಳಿಸುತ್ತದೆ ಅಂತ ಅಂಗಡಿಯವನು ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ. ನೀರು ಕಾದಮೇಲೆ ಅದನ್ನು ಕಾದಂತೆಯೇ ಇಟ್ಟುಕೊಳ್ಳಲು ಇನ್ನೊಂದು ಖರ್ಚಿದೆ. ಟೈಮರ್ ಕೈ ಹಾಕುವುದು ಅದಕ್ಕೆ.

ನೀರು ಬಿಸಿಯಾದಾಗ ಥರ್ಮೋಸ್ಟಾಟ್ ‘ಟಕ್’ ಅಂತ ಕಾಯಿಲ್ ಬಿಡಿಸುತ್ತದೆ. ಡ್ರಮ್ಮಿನ ಮೈಯಿಂದ ಶಾಖ ಸೋರುತ್ತದೆ, ನೀರು ನಾಲ್ಕೈದು ಡಿಗ್ರಿ ತಣಿಯುತ್ತದೆ, ಮತ್ತೆ ‘ಟಕ್’. ನೀವು ಆಫೀಸಿನಲ್ಲಿರುವಾಗ, ಖಾಲಿ ಮನೆಯಲ್ಲಿ, ಈ ಟಕ್ಕಾಟ ದಿನವಿಡೀ ನಡೆಯುತ್ತದೆ. ಹಳೇ 25 ಲೀಟರಿನ ಗೀಸರು ಇಪ್ಪತ್ನಾಲ್ಕು ಗಂಟೆ ಹೀಗೆ ಕೂತರೆ, ಯಾರೂ ನಲ್ಲಿ ಮುಟ್ಟದಿದ್ದರೂ, ಸುಮಾರು ಒಂದು ಯೂನಿಟ್ ಗಾಳಿಗೆ ಹೋಗುತ್ತದೆ. ಐದು ಸ್ಟಾರಿನ ಹೊಸ ಗೀಸರಿನಲ್ಲಿ ಕಡಿಮೆ ಹೋಗುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ (ಬಿಇಇ) ಗೀಸರಿಗೆ ಸ್ಟಾರ್ ಕೊಡುವುದೇ ಈ ಸೋರಿಕೆಯನ್ನು ಅಳೆದು.

“ಆರಿಸಿ ಹಾಕಿ ಮಾಡಿದರೆ ಕರೆಂಟ್ ಇನ್ನೂ ಜಾಸ್ತಿ ಎಳೆಯುತ್ತದೆ, ಆನ್ ಇಟ್ಟರೇ ಒಳ್ಳೆಯದು” ಅನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ತಪ್ಪು. ನೀರು ಎಷ್ಟು ಬಿಸಿಯಿರುತ್ತದೋ ಶಾಖ ಅಷ್ಟು ಜೋರಾಗಿ ಸೋರುತ್ತದೆ. ತಣಿದಂತೆ ಸೋರಿಕೆಯೂ ಕುಗ್ಗುತ್ತದೆ. ಆರಿಸಿಟ್ಟ ಗೀಸರು ಕಳೆದುಕೊಳ್ಳುವುದು ಯಾವಾಗಲೂ ಕಡಿಮೆ. ನಾಬನ್ನು ಪೂರ್ತಿ ತಿರುಗಿಸಿದರೆ ನೀರು ಬೇಗ ಕಾಯುತ್ತದೆ ಅನ್ನುವುದೂ ಅಷ್ಟೇ ಸುಳ್ಳು. ಕಾಯಿಲ್ಲಿನ ಶಕ್ತಿ ಅಷ್ಟೇ ಇರುತ್ತದೆ, ನಿಲ್ಲುವುದು ಮಾತ್ರ ತಡವಾಗುತ್ತದೆ.

ದಿನಕ್ಕೊಂದು ಯೂನಿಟ್ ತಾನೇ, ಆರು ರೂಪಾಯಿ ತಾನೇ ಅನ್ನಬಹುದು. 2023ರ ಆಗಸ್ಟಿನ ಬಿಲ್ಲಿಗೆ ಮುಂಚೆ ನಾನೂ ಹಾಗೇ ಅನ್ನುತ್ತಿದ್ದೆನೋ ಏನೋ. ಸರ್ಕಾರದ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಆ ಒಂದು ಯೂನಿಟ್ಟಿನ ಬೆಲೆ ಬದಲಾಗಿದೆ. ಯೋಜನೆಗೆ ಹಿಂದಿನ ವರ್ಷದ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ ನಿಮ್ಮ ಮನೆಗೊಂದು ಪುಕ್ಕಟೆ ಮಿತಿ ಗೊತ್ತು ಮಾಡಿದ್ದಾರೆ. ಅದನ್ನು ದಾಟಿ 200ರೊಳಗೆ ಇದ್ದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಆ ತಿಂಗಳ ಅಷ್ಟೂ ಯೂನಿಟ್ಟಿಗೆ ದುಡ್ಡು. 195 ಉರಿಸಿದ ಮನೆಗೂ 205 ಉರಿಸಿದ ಮನೆಗೂ ವ್ಯತ್ಯಾಸ ಹತ್ತು ಯೂನಿಟ್. ಬಿಲ್ಲಿನಲ್ಲಿ ಮಾತ್ರ ಅದು ಸಾವಿರ ರೂಪಾಯಿ ಮೇಲಾಗಬಹುದು. ಚಳಿಗಾಲದಲ್ಲಿ ಈ ಗೆರೆ ದಾಟಿಸುವುದು ಟೀವಿಯೂ ಅಲ್ಲ, ಫ್ಯಾನೂ ಅಲ್ಲ, ಬಚ್ಚಲುಮನೆ.

ಹೊರದೇಶದವರ ಟೈಮರ್ ಕಥೆ ಬೇರೆ. ಬ್ರಿಟನ್ನಿನಲ್ಲಿ 1978ರಿಂದ ‘ಎಕಾನಮಿ 7’ ಅಂತ ಒಂದು ದರವಿದೆ: ರಾತ್ರಿ ಏಳು ಗಂಟೆಗಳ ಕಾಲ ಕರೆಂಟ್ ಅಗ್ಗ. ಅವರು ಆ ಹೊತ್ತಿನಲ್ಲಿ ನೀರು ಕಾಯಿಸಿಟ್ಟು ದುಡ್ಡು ಉಳಿಸುತ್ತಾರೆ. ಮೊಬೈಲಿನಲ್ಲಿ ಅಂಥ ವಿಡಿಯೋ ನೋಡಿ ನೀವೂ ಮಧ್ಯರಾತ್ರಿ ಎರಡಕ್ಕೆ ಗೀಸರ್ ಹೊರಡಿಸಬೇಡಿ. ನಮ್ಮ ಮನೆಗಳ ಮಾಮೂಲಿ ಬಿಲ್ಲಿನಲ್ಲಿ ಹಗಲಿಗೂ ರಾತ್ರಿಗೂ ಒಂದೇ ದರ. ಎರಡಕ್ಕೆ ಕಾದ ನೀರು ಐದರ ಹೊತ್ತಿಗೆ ತಣಿಯುತ್ತದೆ, ಲಾಭ ಸೊನ್ನೆ. ಮುಂದೆ ಹೊತ್ತಿಗೊಂದು ದರ ಬರಬಹುದು. ಪಕ್ಕದ ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ನಾಡಿನಲ್ಲಿ ಮಧ್ಯಾಹ್ನದ ಕರೆಂಟ್ ಅಗ್ಗವಾಗಬೇಕು ಅನ್ನುವುದು ನ್ಯಾಯವೂ ಹೌದು. ಬಂದಾಗ ನೋಡೋಣ. ಇವತ್ತಿಗೆ ನಿಮ್ಮ ಟೈಮರ್ ಮಾಡಬೇಕಾದ್ದು, ಮೊದಲ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ ಕೊನೆಯ ಸ್ನಾನ ಶುರುವಾಗುವ ಹೊತ್ತಿಗೆ ಆರಿಸುವುದು.

ನಮ್ಮ ಹಿರಿಯರ ಹಂಡೆಯೂ ಹೀಗೇ ನಡೆಯುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ನೀರು ತುಂಬಿಸಿ ಇಡುತ್ತಿದ್ದರು. ಒಲೆ ಹೊತ್ತಿಸುತ್ತಿದ್ದುದು ಮಾತ್ರ ಮಾರನೇ ದಿನ ಕೋಳಿ ಕೂಗುವ ಮುಂಚೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಚಿಂತಾಮಣಿ ಕಡೆ ಕಡಲೇಕಾಯಿ ಸಿಪ್ಪೆ, ನೀಲಗಿರಿ ಸೌದೆ, ಯಾವುದು ಸಿಕ್ಕರೆ ಅದು. ಸೌದೆ ಹೊತ್ತು ತಂದವರಿಗೆ ದಿನವಿಡೀ ಒಲೆ ಉರಿಸುವ ಯೋಚನೆಯೇ ಬರುತ್ತಿರಲಿಲ್ಲ. ಕರೆಂಟನ್ನು ಯಾರೂ ತಲೆಮೇಲೆ ಹೊರುವುದಿಲ್ಲವಲ್ಲ.

ಸರಿ, ಯಾವ ಟೈಮರ್? ಚಕ್ರದ ಸುತ್ತ ಸಣ್ಣ ಹಲ್ಲುಗಳಿರುವ, ಹದಿನೈದು ನಿಮಿಷಕ್ಕೊಂದು ಹಲ್ಲು ಒತ್ತುವ ಟೈಮರ್ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲದ್ದನ್ನು ನಮ್ಮೂರಿಗೆ ತರಬೇಡಿ. ಅದರ ಚಕ್ರ ತಿರುಗುವುದೇ ಕರೆಂಟಿನಿಂದ. ಕರೆಂಟ್ ಹೋದಾಗ ಗಡಿಯಾರವೂ ನಿಲ್ಲುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಮಾರನೇ ದಿನ ಐದರ ನೀರು ಏಳಕ್ಕೆ ಕಾಯುತ್ತದೆ, ನಿಮ್ಮ ಬಸ್ಸು ಅಷ್ಟು ಹೊತ್ತಿಗೆ ದೇವನಹಳ್ಳಿ ದಾಟಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನ ಹೊತ್ತು ಮರೆಯುವುದಿಲ್ಲ. ಭಾನುವಾರಕ್ಕೆ ಬೇರೆ ಹೊತ್ತು ಕೊಡಲೂ ಬರುತ್ತದೆ. ಎಂಸಿಬಿ ಡಬ್ಬದ ಒಳಗೇ ಕೂರುವಂಥದ್ದಾದರೆ ಇನ್ನೂ ಚೆಂದ, ಬಚ್ಚಲಿನ ಹಬೆಯಿಂದ ದೂರ. ಮೊಬೈಲಿನಿಂದ ಆಡಿಸುವ ಸ್ಮಾರ್ಟ್ ಪ್ಲಗ್ಗೂ ಆದೀತು, ಆದರೆ 16 ಆಂಪ್ಸಿನದೇ ಆಗಬೇಕು. 2 ಕಿಲೋವ್ಯಾಟ್ ಗೀಸರು ಒಂಬತ್ತು ಆಂಪ್ಸ್ ಹತ್ತಿರ ಎಳೆಯುತ್ತದೆ, 3 ಕಿಲೋವ್ಯಾಟಿನದು ಹದಿಮೂರು. ಮೊಬೈಲ್ ಚಾರ್ಜ್ ಹಾಕುವ 6 ಆಂಪ್ಸಿನ ಪ್ಲಗ್ಗಿಗೆ ಇದನ್ನು ಸಿಕ್ಕಿಸಿ, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ಕಂದಾಗಿ ಅಂಟಿಕೊಂಡಿದ್ದನ್ನು ಎಷ್ಟೋ ಮನೆಗಳಲ್ಲಿ ಇಕ್ಕಳ ಹಾಕಿ ಕಿತ್ತಿದ್ದೇನೆ.

ತೋಟದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸುವುದಕ್ಕೆ ನಿಮ್ಮ ಅಪ್ಪಂದಿರು ಹಿಂದೆಮುಂದೆ ನೋಡಲಿಲ್ಲ. ತ್ರೀ ಫೇಸ್ ಬಂದ ಕೂಡಲೇ ಮೋಟರು ತಾನೇ ಹೊರಡುವುದು ನೋಡಿಕೊಂಡೇ ನೀವು ಬೆಳೆದವರು. ಮನೆಯೊಳಗೆ ಅಂಥದ್ದೊಂದು ಇಡಲು ಯಾಕೆ ಸಂಕೋಚ?

ಆದರೆ ಟೈಮರಿಗೆ ಋತು ಗೊತ್ತಾಗುವುದಿಲ್ಲ. ಗೌರಿಬಿದನೂರಿನ ಏಪ್ರಿಲ್ಲಿನಲ್ಲಿ ತಾರಸಿಯ ಕಪ್ಪು ಟ್ಯಾಂಕಿನ ನೀರು ಸಂಜೆಗೆ ಮೈಗೆ ಸುರಿದುಕೊಳ್ಳಲೂ ಆಗದಷ್ಟು ಕಾದಿರುತ್ತದೆ. ಆಗ ಗೀಸರಿಗೆ ರಜೆ ಕೊಡಿ. ಬೆಳಗಿಗೆ ಬೇಕೇ ಬೇಕೆಂದರೂ, 30 ಡಿಗ್ರಿಯ 15 ಲೀಟರ್ ನೀರನ್ನು 45ಕ್ಕೆ ತರಲು 2 ಕಿಲೋವ್ಯಾಟಿನ ಕಾಯಿಲ್ಲಿಗೆ ಎಂಟು ನಿಮಿಷ ಸಾಕು. ಅದೇ ನೀರು ನಂದಿ ಬೆಟ್ಟದ ತಪ್ಪಲಿನ ಜನವರಿಯಲ್ಲಿ 18 ಡಿಗ್ರಿಯಿಂದ 50ಕ್ಕೆ ಏರಲು ಹದಿನೇಳು ನಿಮಿಷ ಬೇಡುತ್ತದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೊತ್ತು ತಿದ್ದಿ. ನಾಬನ್ನು 50ರ ಹತ್ತಿರ ಇಟ್ಟು, ವಾರಕ್ಕೊಂದು ದಿನ 60ಕ್ಕೆ ಏರಿಸಿ. ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುವ ರೋಗಾಣು ಆ ಬಿಸಿಗೆ ಸಾಯುತ್ತದೆ. 70ಕ್ಕೆ ಇಡುವುದು ಬೇಡವೇ ಬೇಡ. ನಮ್ಮದು ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರು. ಹೆಚ್ಚು ಕಾಯಿಸಿದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ, ಕಾಯಿಲ್ ಬೇಗ ಸುಡುತ್ತದೆ. ಬಿಚ್ಚಿ ನೋಡಿದರೆ ಬೆರಳು ಗಾತ್ರದ ಕಾಯಿಲ್ ಬಿಳೀ ಗಟ್ಟಿ ಹೊದಿಕೆ ಹೊದ್ದು ಮುಂಗೈ ಗಾತ್ರ ಆಗಿರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ.

ತಾರಸಿಯ ಮೇಲೆ ಸೋಲಾರ್ ಇದ್ದವರೇ, ಟೈಮರ್ ಎಲ್ಲರಿಗಿಂತ ಹೆಚ್ಚು ಬೇಕಿರುವುದು ನಿಮಗೆ. ನಗಬೇಡಿ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಬ್ಯಾಕಪ್ ಕಾಯಿಲ್ ಇರುತ್ತದೆ. ಆಷಾಢದಲ್ಲಿ ಒಮ್ಮೆ ಹಾಕಿದ ಸ್ವಿಚ್ಚನ್ನು ಎಷ್ಟೋ ಮನೆಯವರು ಕಾರ್ತಿಕದ ತನಕ ಆರಿಸುವುದಿಲ್ಲ. 200 ಲೀಟರ್ ನೀರನ್ನು ಬರೀ 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್ ಮೇಲೆ ಬೇಕು. ಕಾಯಿಲ್ ರಾತ್ರಿಯಿಡೀ ಟ್ಯಾಂಕು ಕಾಯಿಸಿಟ್ಟರೆ ಬೆಳಗ್ಗೆ ಸೂರ್ಯನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಪುಕ್ಕಟೆ ಶಾಖ ಟ್ಯೂಬಿನಲ್ಲೇ ವ್ಯರ್ಥ. ಬ್ಯಾಕಪ್ಪಿಗೆ ಬೆಳಗಿನ ಜಾವ ಒಂದು ಗಂಟೆ ಮಾತ್ರ ಕೊಡಿ. ಹಗಲೆಲ್ಲ ಬಿಸಿಲು ಕಾಯಿಸಿದ್ದರೆ ಥರ್ಮೋಸ್ಟಾಟೇ ಕಾಯಿಲ್ಲನ್ನು ಹೊರಡಲು ಬಿಡುವುದಿಲ್ಲ.

ಟೈಮರ್ ಬೇಡದವರೂ ಇದ್ದಾರೆ. 3 ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಟೈಮರ್ ದಂಡ. ಸ್ನಾನ ಮುಗಿದ ಕೂಡಲೇ ಸ್ವಿಚ್ ಆರಿಸುವ ರೂಢಿ ಮನೆಯವರೆಲ್ಲರಿಗೂ ಇದ್ದರೆ ನಿಮಗೂ ದಂಡವೇ. ಇರುವ ದುಡ್ಡಿಗೆ ಎಲ್‌ಇಡಿ ಬಲ್ಬ್ ತನ್ನಿ. ಬಕೆಟ್ಟಿಗೆ ಇಳಿಬಿಡುವ ರಾಡಿಗೆ ಮಾತ್ರ ಟೈಮರ್ ಹಾಕಲೇಕೂಡದು. ನೀವು ನಿದ್ದೆಯಲ್ಲಿರುವಾಗ ಅದು ಹೊತ್ತಿಕೊಂಡು, ಮಗು ಹೋಗಿ ಬಕೆಟ್ಟಿಗೆ ಕೈ ಹಾಕಿದರೆ ಅಷ್ಟೇ ಕಥೆ.

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಪವಾಡಗಳನ್ನು ಪರೀಕ್ಷೆಗೆ ಕರೆದವರು. ನಮ್ಮ ಸೀಮೆಯ ಮಕ್ಕಳು ಗೀಸರನ್ನಾದರೂ ಪರೀಕ್ಷೆ ಮಾಡಬೇಡವೇ? ಒಂದು ವಾರ ಈಗಿನಂತೆಯೇ ನಡೆಸಿ, ದಿನಾ ರಾತ್ರಿ ಒಂದೇ ಹೊತ್ತಿಗೆ ಮೀಟರಿನ ರೀಡಿಂಗ್ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವಾರ ಟೈಮರಿನಂತೆ ಕೈಯಿಂದಲೇ ಹಾಕಿ ಆರಿಸಿ. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ಟೈಮರ್ ಕೊಳ್ಳಬೇಡಿ. ವಾರಕ್ಕೆ ಐದಾರು ಯೂನಿಟ್ ಇಳಿದರೆ ಕೊಳ್ಳಿ, ವರ್ಷದೊಳಗೋ ಒಂದೂವರೆ ವರ್ಷದೊಳಗೋ ಅದರ ದುಡ್ಡು ಹುಟ್ಟುತ್ತದೆ.

ಇನ್ನೊಂದಿದೆ, ಇದನ್ನು ತಪ್ಪಿಸಬೇಡಿ. ಟೈಮರ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್ನಿಗೆ ಅರ್ತಿಂಗ್ ನೋಡಲು ಹೇಳಿ. ನಮ್ಮದು ಒಣ ನೆಲ. ಮನೆ ಕಟ್ಟಿದಾಗ ತೋಡಿದ ಅರ್ತಿಂಗ್ ಗುಂಡಿ ಬೇಸಿಗೆಗೆ ಬಾಯಾರಿ, ಹೆಸರಿಗೆ ಮಾತ್ರ ಅರ್ತ್ ಆಗಿರುತ್ತದೆ. ಆಗಾಗ ನಾಲ್ಕು ಬಿಂದಿಗೆ ನೀರು ಹುಯ್ಯಿರಿ. ಗೀಸರಿನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿದು ಜೀವ ಉಳಿಸುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಇದೆಯಾ ಕೇಳಿ, ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಟೈಮರಿಗೋ ಆರ್‌ಸಿಸಿಬಿಗೋ ಯಾವುದೋ ಒಂದಕ್ಕೇ ಈ ತಿಂಗಳು ದುಡ್ಡು ಇರುವುದಾದರೆ ಆರ್‌ಸಿಸಿಬಿ ಹಾಕಿಸಿ, ಟೈಮರ್ ಮುಂದಿನ ತಿಂಗಳ ಸಂಬಳದಲ್ಲಿ ಬರಲಿ.